ಅಪ್ಪನ ಎಚ್‌ಎಂಟಿ ವಾಚು ಆನ್‌ಲೈನ್ ಹರಾಜಿಗೆ: ವಿವರ ಹೇಗೆ ಬರೆಯೋದು?

ಪ್ರಶ್ನೆ, ತುಮಕೂರು:
ಅಪ್ಪ ಇಲ್ಲಿನ ಎಚ್‌ಎಂಟಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕೀ ಕೊಡುವ ವಾಚುಗಳು ಮನೆಯಲ್ಲಿ ಸುಮ್ನೆ ಬಿದ್ದಿವೆ, ಅವರೇ ಮಾರು ಅಂದರು. "ಅಪರೂಪದ ಹಳೆ ವಾಚ್, ಸೂಪರ್ ಕಂಡಿಷನ್" ಅಂತ ಬರೆದು, ಒಂದು ಫೋಟೋ ಹಾಕಿ ಹರಾಜಿಗಿಟ್ಟೆ. ಒಬ್ಬರೂ ಬಿಡ್ ಮಾಡಲಿಲ್ಲ. ಮಾರಿ ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ, ಶಿರಾ ಗೇಟ್, ತುಮಕೂರು:
ಮೊದಲು ಅದು ಹುಡುಕುವವರ ಕಣ್ಣಿಗೆ ಬೀಳಬೇಕಲ್ವಾ? "ಅಪರೂಪ", "ಸೂಪರ್" ಅಂತ ಟೈಪ್ ಮಾಡಿ ಯಾರೂ ಹುಡುಕಲ್ಲ. ಜನತಾ, ಪೈಲಟ್, ಸೋನಾ ಅಂತ ಮಾಡೆಲ್ ಹೆಸರು ಹಾಕಿ ಹುಡುಕುತ್ತಾರೆ. ಇಬೇ ಅನ್ನುವ ಆನ್‌ಲೈನ್ ಹರಾಜು ತಾಣದಲ್ಲಿ ಶೀರ್ಷಿಕೆಗೆ ಸಿಗುವುದು 80 ಅಕ್ಷರ, ಅದನ್ನು ಹೊಗಳಿಕೆಗೆ ಖರ್ಚು ಮಾಡಬೇಡಿ. "ಎಚ್‌ಎಂಟಿ ಜನತಾ, ಕೀ ಕೊಡುವ ವಾಚ್, 17 ಜ್ಯುವೆಲ್, ಬಿಳಿ ಡಯಲ್, ನಡೆಯುತ್ತಿದೆ." ಇಷ್ಟು ಸಾಕು. ಜ್ಯುವೆಲ್ ಅಂದರೆ ಮಷೀನಿನೊಳಗೆ ಕೂರಿಸಿರುವ ಸಣ್ಣ ಹರಳು. ಹೊರರಾಜ್ಯದವರೂ ನೋಡುವ ಕಡೆ ಇದನ್ನೇ ಇಂಗ್ಲಿಷಿನಲ್ಲಿ ಹಾಕಿ.

ಎಚ್‌ಎಂಟಿ ಕೊಳ್ಳುವವರಿಗೆ ಜಾಸ್ತಿ ಅನುಮಾನ ಇರುವುದು ಡಯಲ್ ಬಗ್ಗೆ. ಹಳೆ ಡಯಲಿಗೆ ಹೊಸ ಬಣ್ಣ ಹೊಡೆದು, ಅದರ ಮೇಲೆ ಹೆಸರು ಅಚ್ಚು ಹಾಕಿ ಮಾರುವವರು ತುಂಬಾ ಜನ ಇದ್ದಾರೆ, ಕೆಂಪು, ಹಸಿರು ಅಂತ ಕಣ್ಣಿಗೆ ಹೊಡೆಯುವ ಪೈಲಟ್‌ಗಳಲ್ಲಿ ಬಹಳಷ್ಟು ಹೀಗೆ ಮಾಡಿದವೇ. ನಿಮ್ಮ ವಾಚು ಮನೆಯಿಂದ ಆಚೆ ಹೋಗಿಲ್ಲ, ಅದೇ ನಿಮ್ಮ ಬಲ. ಡಯಲ್ ಹಳದಿ ತಿರುಗಿದ್ದರೆ, ಚುಕ್ಕೆ ಬಿದ್ದಿದ್ದರೆ ಅದನ್ನೇ ಹತ್ತಿರದಿಂದ ಫೋಟೋ ತೆಗೆದು ಹಾಕಿ. ಬಣ್ಣ ಹೊಡೆದ ಹೊಸ ಡಯಲಿಗಿಂತ ಚುಕ್ಕೆ ಇರುವ ಮೂಲ ಡಯಲನ್ನೇ ಸಂಗ್ರಾಹಕರು ಇಷ್ಟಪಡುತ್ತಾರೆ. ಒರೆಸಲು ಮಾತ್ರ ಹೋಗಬೇಡಿ, ಅಕ್ಷರ ಎದ್ದುಬಿಡುತ್ತದೆ.

ಫೋಟೋ ಬೆಳಗ್ಗೆ ಕಿಟಕಿ ಪಕ್ಕ ತೆಗೆಯಿರಿ. ಫ್ಲ್ಯಾಶ್ ಹಾಕಿದರೆ ಗಾಜಿನ ಮೇಲೆ ಬರೀ ಬೆಳಕು ಕಾಣುತ್ತದೆ. ನೇರವಾಗಿ ಡಯಲ್, ಪಕ್ಕದಿಂದ ಕೀ (ತಿರುಗಿಸುವ ಗುಂಡಿ), ಹಿಂದಿನ ಮುಚ್ಚಳ, ಆಮೇಲೆ ವಾಚ್ ರಿಪೇರಿಯವರ ಹತ್ತಿರ ಮುಚ್ಚಳ ತೆಗೆಸಿ ಒಳಗಿನ ಮಷೀನು. ಜನತಾ, ಪೈಲಟ್ ಒಳಗೆ 0231 ಅಂತ ಮಷೀನಿನ ನಂಬರು ಇದ್ದರೆ ತಿಳಿದವರು ಅದನ್ನು ಹುಡುಕಿ ನೋಡುತ್ತಾರೆ. ಚಾಕು ಹಾಕಿ ನೀವೇ ಮೀಟಬೇಡಿ.

"ಚೆನ್ನಾಗಿ ನಡೆಯುತ್ತೆ" ಅಂದರೆ ಏನೂ ಹೇಳಿದ ಹಾಗಲ್ಲ. ಪೂರ್ತಿ ಕೀ ಕೊಟ್ಟು ಮಾರನೇ ದಿನ ನೋಡಿ. ಎಷ್ಟು ಗಂಟೆ ನಡೆದು ನಿಂತಿತು, ದಿನಕ್ಕೆ ಎಷ್ಟು ನಿಮಿಷ ಹಿಂದೆ ಬೀಳುತ್ತೆ ಅಥವಾ ಮುಂದೆ ಓಡುತ್ತೆ, ಅದನ್ನು ಬರೆಯಿರಿ. ಕೀ ಬಿಟ್ಟು ಅಗಲ ಎಷ್ಟು ಮಿಲಿಮೀಟರ್, ಬೆಲ್ಟ್ ಹೊಸದಾ, ಸರ್ವಿಸ್ ಆಗಿದೆಯಾ, ಇವೂ ಇರಲಿ. ಅಪ್ಪ ಫ್ಯಾಕ್ಟರಿಯವರು ಅನ್ನುವುದನ್ನೂ ಒಂದು ಸಾಲು ಬರೆಯಿರಿ. ಹಳೆ ಡಬ್ಬಿ, ವಾರಂಟಿ ಕಾರ್ಡ್ ಇದ್ದರೆ ಫೋಟೋ ಹಾಕಿ, ಆದರೆ ವಿಳಾಸ, ನೌಕರರ ನಂಬರು ಕಾಣದ ಹಾಗೆ ಮುಚ್ಚಿ.

ಉತ್ತರ, ಕೆಜಿಎಫ್, ಕೋಲಾರ:
ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಯಾರ ಕೈಯಲ್ಲಿತ್ತು ಅನ್ನುವುದನ್ನು ಗೊತ್ತಿರುವಷ್ಟೇ ಬರೆಯಿರಿ. ನಮ್ಮ ಕಡೆ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಈಗ ಎಲ್ಲಿಂದಲೋ ತಂದ ಹಿತ್ತಾಳೆ ದೀಪಕ್ಕೂ "ಕೆಜಿಎಫ್ ಗಣಿ ದೀಪ" ಅಂತ ಹೆಸರಿಟ್ಟು ಹರಾಜಿಗಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತೆ. ನಿಜವಾಗಿ ಗಣಿಗೆ ಇಳಿದವರ ಮನೆಯ ದೀಪವನ್ನೂ ಜನ ಆಮೇಲೆ ನಂಬಲ್ಲ. ನಾನು ದೀಪ ಮಾರಿದಾಗ "ತಾತ ಗಣಿಯಲ್ಲಿದ್ದರು, ದೀಪ ಅವರ ಪೆಟ್ಟಿಗೆಯಲ್ಲಿ ಸಿಕ್ಕಿತು, ಗಣಿಯದ್ದೇ ಅಂತ ಹೇಳಲು ದಾಖಲೆ ಇಲ್ಲ" ಅಂತಲೇ ಹಾಕಿದ್ದೆ, ಹಾಗಿದ್ದೂ ಬಿಡ್ ಬಂತು. ಇನ್ನೊಂದು ವಿಷಯ, 100 ವರ್ಷ ದಾಟಿದ ಪುರಾತನ ವಸ್ತುಗಳನ್ನು ನಾವು ಹೊರದೇಶಕ್ಕೆ ಕಳಿಸುವ ಹಾಗಿಲ್ಲ, 1972ರ ಕಾಯ್ದೆ ಇದೆ. ನಿಮ್ಮ ವಾಚಿಗೆ ಆ ಚಿಂತೆ ಇಲ್ಲ ಬಿಡಿ, ಎಚ್‌ಎಂಟಿ ವಾಚು ಮಾಡಲು ಶುರು ಮಾಡಿದ್ದೇ 1961ರಲ್ಲಿ.

ಉತ್ತರ, ಚಿಕ್ಕಬಳ್ಳಾಪುರ:
ಶುರು ಬೆಲೆ ಕಮ್ಮಿ ಇಡಿ, ಆದರೆ ಆ ಬೆಲೆಗೇ ಹೋದರೂ ಕೊಡಲು ನಿಮಗೆ ಒಪ್ಪಿಗೆ ಇರಬೇಕು. ಕೊರಿಯರ್ ಖರ್ಚು ಯಾರದ್ದು ಅಂತ ಮೊದಲೇ ಹಾಕಿ. ಹರಾಜು ಭಾನುವಾರ ರಾತ್ರಿ ಮುಗಿಯುವ ಹಾಗಿಡಿ, ಎಲ್ಲರೂ ಮನೆಯಲ್ಲಿರುತ್ತಾರೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಪೈಲಟ್‌ನ ಗಾಜು ಗೀರಿದೆ. ಹೊಸದು ಹಾಕಿಸಿ ಮಾರಲಾ?

ಉತ್ತರ, ಶಿರಾ ಗೇಟ್:
ಬೇಡ, ಅದು ಪ್ಲಾಸ್ಟಿಕ್ ಗಾಜು. ಸಣ್ಣ ಗೀರಾದರೆ ರಿಪೇರಿಯವರೇ ಪಾಲಿಶ್ ಮಾಡಿಕೊಡುತ್ತಾರೆ. ಒಡೆದಿದ್ದರೆ ಹಾಕಿಸಿ, ಗಾಜು ಹೊಸದು ಅಂತ ವಿವರದಲ್ಲಿ ಬರೆಯಿರಿ.