ಪುಟಿಯುವ ಚೆಂಡು ನೆಲದ ಹತ್ತಿರ ಬಂದಾಗ ಯಾಕೆ ನಿಧಾನವಾಗುತ್ತದೆ?

ಪ್ರಶ್ನೆ:
ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಚೆಂಡು ಪುಟಿಯುವ ಅನಿಮೇಶನ್ ಮಾಡುತ್ತಿದ್ದೇನೆ. ಸೆಕೆಂಡಿಗೆ 24 ಫ್ರೇಮ್. 1ನೇ ಫ್ರೇಮ್‌ನಲ್ಲಿ ಚೆಂಡು 1.2 ಮೀಟರ್ ಎತ್ತರದಲ್ಲಿದೆ, 13ರಲ್ಲಿ ನೆಲ ಮುಟ್ಟಿ ಮತ್ತೆ ಮೇಲೇಳುತ್ತದೆ. ಕೀಗಳೆಲ್ಲ (ಯಾವ ಫ್ರೇಮ್‌ನಲ್ಲಿ ಚೆಂಡು ಎಲ್ಲಿರಬೇಕು ಎಂಬ ಗುರುತುಗಳು) ಸರಿಯಾದ ಜಾಗದಲ್ಲೇ ಇವೆ. ಆದರೂ ನೆಲದ ಹತ್ತಿರ ಬರುತ್ತಿದ್ದಂತೆ ಲಿಫ್ಟ್ ನಿಲ್ಲುವ ಹಾಗೆ ಮೆಲ್ಲಗೆ ಇಳಿಯುತ್ತದೆ. ನಡುವೆ ಇನ್ನಷ್ಟು ಕೀ ಹಾಕಬೇಕಾ?

ಉತ್ತರ 1:
ಬೇಡ. ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ನೆಲದ ಕೀ ಆರಿಸಿ, ವಿ ಒತ್ತಿ, ವೆಕ್ಟರ್ ಕೊಡಿ.

ಉತ್ತರ 2:
ವೆಕ್ಟರ್‌ನಿಂದ ಅರ್ಧ ಕೆಲಸ ಆಗುತ್ತದೆ, ಅಲ್ಲಿಗೇ ಬಿಡಬೇಡಿ. ಹೊಸ ಕೀಯ ಹ್ಯಾಂಡಲ್ (ಕೀಯ ಬಳಿ ಗೆರೆ ಹೇಗೆ ಬಾಗಬೇಕೆಂದು ಹೇಳುವ ಹಿಡಿ) ಸಾಮಾನ್ಯವಾಗಿ ಆಟೋ ಕ್ಲ್ಯಾಂಪ್ಡ್ ಎಂಬ ಬಗೆಯದಾಗಿರುತ್ತದೆ. ಏರಿಳಿತದ ತುದಿಯಲ್ಲಿರುವ ಕೀಗಳಲ್ಲಿ ಅದು ಹ್ಯಾಂಡಲನ್ನು ಅಡ್ಡ ಮಲಗಿಸಿಬಿಡುತ್ತದೆ. ಗೆರೆ ಮಲಗಿದ ಕಡೆ ವೇಗ ಸೊನ್ನೆ. ಮೇಲ್ತುದಿಯಲ್ಲಿ ಅದು ಸರಿ, ಚೆಂಡು ನಿಜಕ್ಕೂ ಅಲ್ಲಿ ಕ್ಷಣ ನಿಲ್ಲುತ್ತದೆ ಅಲ್ವಾ. ನೆಲ ಮುಟ್ಟುವಾಗ ಮಾತ್ರ ವೇಗ ಎಲ್ಲಕ್ಕಿಂತ ಜಾಸ್ತಿ ಇರಬೇಕು.

ವೆಕ್ಟರ್ ಹ್ಯಾಂಡಲ್ ಪಕ್ಕದ ಕೀಯ ಕಡೆಗೆ ನೇರ ತಿರುಗುತ್ತದೆ. ಬೀಳುವ ಚೆಂಡಿಗೆ ಅದರ ಎರಡರಷ್ಟು ಕಡಿದಾದ ಗೆರೆ ಬೇಕು. ಹಾಗಾಗಿ ನೆಲದ ಕೀಯ ಹ್ಯಾಂಡಲನ್ನು ಫ್ರೀ (ಬೇಕಾದ ಕಡೆ ಎಳೆಯಬಹುದಾದ ಬಗೆ) ಮಾಡಿ. ಎಡ ಹ್ಯಾಂಡಲ್‌ನ ತುದಿಯನ್ನು 4 ಫ್ರೇಮ್ ಹಿಂದಕ್ಕೆ, 0.8 ಮೀಟರ್ ಎತ್ತರಕ್ಕೆ ಎಳೆಯಿರಿ. ಅಂದರೆ ಸಮಯದಲ್ಲಿ ಮೂರರಲ್ಲಿ ಒಂದು ಪಾಲು, ಎತ್ತರದಲ್ಲಿ ಮೂರರಲ್ಲಿ ಎರಡು. ಮೇಲಿನ ಕೀಯ ಹ್ಯಾಂಡಲ್ ಮಲಗಿಯೇ ಇರಲಿ, ಉದ್ದ 4 ಫ್ರೇಮ್. ಈಗ 7ನೇ ಫ್ರೇಮ್‌ಗೆ ಹೋಗಿ ನೋಡಿ. ಅರ್ಧ ಸಮಯ ಕಳೆದರೂ ಚೆಂಡು ಇಳಿದಿರುವುದು 30 ಸೆಂ.ಮೀ. ಮಾತ್ರ. ಉಳಿದ 90 ಸೆಂ.ಮೀ. ಕೊನೆಯ 6 ಫ್ರೇಮ್‌ಗಳಲ್ಲಿ! ಆ ಗೆರೆ ನೋಡುವುದೇ ನನಗೆ ಖುಷಿ.

ಮುಂದಿನ ಪುಟಿತ ಕಾಲು ಭಾಗದ ಎತ್ತರಕ್ಕೆ, ಅಂದರೆ 30 ಸೆಂ.ಮೀ.ಗೆ ಹೋಗುವುದಾದರೆ ಸಮಯ ಕಾಲು ಭಾಗ ಅಲ್ಲ, ಅರ್ಧ. ಏರಲು 6 ಫ್ರೇಮ್, ಇಳಿಯಲು 6. ತುಂಬಾ ಜನ ಇದನ್ನು ಸುಮ್ನೆ ಅಂದಾಜಿನಲ್ಲಿ ಇಡುತ್ತಾರೆ, ಚೆಂಡಿನ ಭಾರವೇ ಹೋಗಿಬಿಡುತ್ತದೆ.

ಕೇಳಿದವರು:
ಈಗ ಧೊಪ್ಪನೆ ಬೀಳುತ್ತಿದೆ, ಥ್ಯಾಂಕ್ಸ್! ಆದರೆ ಮುಂದಕ್ಕೆ ಸಾಗುವ ವೇಗ ಏರುಪೇರಾಗುತ್ತಿದೆ.

ಉತ್ತರ 2:
ಲೊಕೇಶನ್ ಕೀ ಹಾಕಿದಾಗ ಎಕ್ಸ್, ವೈ, ಝಡ್ ಮೂರಕ್ಕೂ ಕೀ ಬೀಳುತ್ತದೆ. ಚೆಂಡು ಮುಂದಕ್ಕೆ ಸಾಗುವುದು ಎಕ್ಸ್ ದಿಕ್ಕಿನಲ್ಲಾದರೆ, ಎಕ್ಸ್ ಗೆರೆಯಲ್ಲಿ ನಡುವಿನವನ್ನೆಲ್ಲ ಅಳಿಸಿ. ಮೊದಲ ಮತ್ತು ಕೊನೆಯ ಕೀ ಸಾಕು. ಎರಡನ್ನೂ ಆರಿಸಿ, ಟಿ ಒತ್ತಿ, ಲೀನಿಯರ್ (ನೇರ ಗೆರೆ, ಒಂದೇ ವೇಗ) ಕೊಡಿ. ಕೊನೆಗೆ ಉರುಳಿ ನಿಲ್ಲಬೇಕಾದರೆ, ಪುಟಿಯುವುದು ಮುಗಿಯುವ ಫ್ರೇಮ್‌ನಲ್ಲಿ ಇನ್ನೊಂದು ಕೀ ಇಡಿ. ಅಲ್ಲಿಂದ ಮುಂದೆ ಬೆಜಿಯರ್ (ಬಾಗಿದ ಗೆರೆ) ಇರಲಿ.