ಪದಚರ್ಚೆ: ಗಾಡಿಯ ಮುಂದಿನ ‘ಡ್ಯಾಶ್’, ಹಿಂದಿನ ‘ಡಿಕ್ಕಿ’

ಎಲ್ಲರಿಗೂ ನಮಸ್ಕಾರ.

ಹಳೇ ಅಮೆರಿಕನ್ ಪತ್ರಿಕೆಗಳ ಕಾರು ಜಾಹೀರಾತುಗಳಿಗೆ ಸ್ನೇಹಿತರೊಬ್ಬರು ಕಟ್ಟು ಹಾಕಿಸಿ ಗೋಡೆ ತುಂಬ ತೂಗುಹಾಕಿದ್ದಾರೆ. ಒಂದೊಂದರ ಕೆಳಗೂ ಎರಡು ಸಾಲು ಕನ್ನಡ ಬರೆದುಕೊಡಿ ಅಂದರು. ಅರ್ಧ ದಿನದ ಕೆಲಸ ಅಂದುಕೊಂಡು ಒಪ್ಪಿಕೊಂಡೆ. ಮೂರು ವಾರವಾಯಿತು.

ಮೊದಲನೆಯದು ಸಲೀಸಾಗಿ ಆಯಿತು. 1898ರ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಬಂದದ್ದು, ಕ್ಲೀವ್‌ಲ್ಯಾಂಡಿನ ವಿಂಟನ್ ಕಂಪನಿಯದು. ಕುದುರೆಯನ್ನು ಬಿಡಿ, ಅದನ್ನು ಸಾಕುವ ಖರ್ಚೂ ಉಳಿಯುತ್ತೆ, ತಲೆಬಿಸಿಯೂ ತಪ್ಪುತ್ತೆ, ನಮ್ಮ ಮೋಟಾರು ಗಾಡಿಗೆ ಮೈಲಿಗೆ ಅರ್ಧ ಸೆಂಟು ಸಾಕು ಎಂಬ ಧಾಟಿ. ‘ಕುದುರೆಯ ಸಹವಾಸ ಸಾಕು’ ಎಂದು ಬರೆದೆ, ಒಪ್ಪಿದರು.

ಸಿಕ್ಕಿಹಾಕಿಕೊಂಡದ್ದು ಓಲ್ಡ್ಸ್‌ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ. 1901ರಿಂದ ಕೆಲವು ವರ್ಷ ಬಂದ, 650 ಡಾಲರಿನ ‘ಕರ್ವ್ಡ್ ಡ್ಯಾಶ್’ ಗಾಡಿ. ಚಿತ್ರದಲ್ಲಿ ಇಬ್ಬರು ಕೂರುವಷ್ಟು ಸೀಟು, ಸ್ಟೀರಿಂಗ್ ಚಕ್ರದ ಬದಲು ಒಂದು ಹಿಡಿಕೋಲು. ಕಾಲಿಡುವ ಹಲಗೆ ಮುಂದೆ ಹೋಗ್ತಾ ಹೋಗ್ತಾ ಮೇಲಕ್ಕೆ ಸುರುಳಿ ಸುತ್ತಿಕೊಂಡಿದೆ, ಹಳೇ ಕಾಲದ ಜೋಡುಗಳ ಮೂತಿಯ ಹಾಗೆ. ಆ ಸುರುಳಿಯೇ ಡ್ಯಾಶ್. ಕುದುರೆ ಗೊರಸಿನಿಂದ ಚಿಮ್ಮುವ ಕೆಸರು ಗಾಡಿ ಹೊಡೆಯುವವನ ಮೈಗೆ ರಾಚದಂತೆ ಅಡ್ಡ ಇಟ್ಟ ಹಲಗೆಯ ಹೆಸರು ಅದು. ಕುದುರೆ ಹೋದರೂ ಹಲಗೆ ಉಳಿಯಿತು. ಆಮೇಲೆ ಅದೇ ಹೆಸರು ಮೀಟರುಗಳನ್ನು ಕೂರಿಸುವ ಪಟ್ಟಿಗೆ ಅಂಟಿತು.

ಈಗ ‘ಬಾಗಿದ ಡ್ಯಾಶ್‌ಬೋರ್ಡ್’ ಎಂದು ಬರೆದರೆ ಓದುವವರು ಸ್ಪೀಡೋಮೀಟರ್ ಎಲ್ಲಿ ಅಂತ ಹುಡುಕುತ್ತಾರೆ. ಬರೀ ‘ಡ್ಯಾಶ್’ ಅಂದರೆ ಇನ್ನೂ ಅಧ್ವಾನ: ಗಾಡಿ ಯಾವುದಕ್ಕೋ ಡ್ಯಾಶ್ ಹೊಡೆದು ಮೂತಿ ನುಗ್ಗಾಗಿದೆ ಅನ್ನಿಸುತ್ತೆ. ‘ಕೆಸರುಹಲಗೆ’ ಅಂತ ನಾನೇ ಕಟ್ಟಿದ್ದು ಅರ್ಥಕ್ಕೆ ಹತ್ತಿರ, ಆದರೆ ಯಾರ ಬಾಯಲ್ಲೂ ಇಲ್ಲದ್ದು. ‘ಸುರುಳಿಮೂತಿ’ ನೋಟಕ್ಕೆ ಹೊಂದುತ್ತೆ, ಹೆಸರಿನ ಹಿಂದಿನ ಕಥೆ ಹೋಗಿಬಿಡುತ್ತೆ.

ನನ್ನ ಮುಖ್ಯ ಪ್ರಶ್ನೆ ಇದು. ಜಟಕಾ, ಟಾಂಗಾ, ಸಾರೋಟುಗಳಲ್ಲಿ ಹೊಡೆಯುವವನ ಕಾಲಿನ ಮುಂದಿನ ಅಡ್ಡ ಹಲಗೆಗೆ ನಮ್ಮಲ್ಲಿ ಏನಂತಿದ್ದರು? ಮೈಸೂರಿನ ಟಾಂಗಾದವರನ್ನು ಬಲ್ಲವರು, ಗಾಡಿ ಕಟ್ಟುತ್ತಿದ್ದ ಬಡಗಿಗಳ ಮನೆಯವರು ಯಾರಾದರೂ ಈ ಬಳಗದಲ್ಲಿದ್ದರೆ ದಯವಿಟ್ಟು ಹೇಳಿ. ನಿಘಂಟಿನ ಪದ ಬೇಡ, ಕೇಳಿದ ಪದ ಬೇಕು.

ಎರಡನೆಯದು ಗಾಡಿಯ ಹಿಂಭಾಗದ್ದು. 1920ರ ದಶಕದ ಎರಡು ಸೀಟಿನ ಕಾರುಗಳ ಜಾಹೀರಾತಿನಲ್ಲಿ ‘ರಂಬಲ್ ಸೀಟ್’ ಬರುತ್ತೆ. ಹಿಂದಿನ ಮುಚ್ಚಳ ಎತ್ತಿ ಒರಗಿಸಿದರೆ ಅದೇ ಬೆನ್ನೊರಗು, ಇನ್ನಿಬ್ಬರು ಗಾಳಿಗೆ ಮೈಯೊಡ್ಡಿ ಕೂರಬಹುದು. ಬ್ರಿಟಿಷರು ಅದನ್ನೇ ‘ಡಿಕ್ಕಿ’ ಅಂದರು, ಅದೂ ಸಾರೋಟಿನ ಕಾಲದ ಮಾತೇ. ನಮ್ಮ ಕಾರಿನ ಡಿಕ್ಕಿ ಬಂದದ್ದು ಅಲ್ಲಿಂದ. ಸೀಟು ಮಾಯವಾಗಿ ಸಾಮಾನಿನ ಜಾಗ ಉಳಿಯಿತು, ಈಗ ಸ್ಕೂಟರಿಗೂ ಡಿಕ್ಕಿ. ಹಾಗಾಗಿ ‘ಡಿಕ್ಕಿ ಸೀಟು’ ಎಂದು ಬರೆಯುವ ಆಸೆ. ಮೂಲಕ್ಕೆ ಪದವನ್ನು ವಾಪಸು ಕಳಿಸಿದ ಹಾಗಾಗುತ್ತೆ. ಆದರೆ ಸ್ನೇಹಿತರ ಮಗಳು ಓದಿ, “ಅಂಕಲ್, ಜನರನ್ನ ಡಿಕ್ಕೀಲಿ ಹಾಕ್ಕೊಂಡು ಹೋಗ್ತಿದ್ರಾ?” ಅಂದಳು.

ಟಗರು ಹೊಡೆಯುವ ಡಿಕ್ಕಿ ಬೇರೆಯದೇ ಎಂದು ನನ್ನ ಎಣಿಕೆ. ಕೆಲವು ಪತ್ರಿಕೆಗಳು ಅಪಘಾತಕ್ಕೆ ಢಕಾರ ಹಾಕಿ ‘ಢಿಕ್ಕಿ’ ಎಂದು ಬರೆಯುವುದು ಇವೆರಡನ್ನು ಬೇರ್ಪಡಿಸಲೆಂದೋ, ಬರೀ ರೂಢಿಯೋ? ಮುಂದಿನ ಡ್ಯಾಶಿಗೂ ಹಿಂದಿನ ಡಿಕ್ಕಿಗೂ ಕನ್ನಡದಲ್ಲಿ ‘ಹೊಡೆ’ ಸೇರಿಸಿದರೆ ಅಪಘಾತವೇ ಆಗುವುದು ಮಾತ್ರ ಮಜವಾಗಿದೆ.

ಮರೆತಿದ್ದೆ: ಪ್ಯಾಕರ್ಡ್ ಕಾರು ಕಂಪನಿಯ ‘ಆಸ್ಕ್ ದ ಮ್ಯಾನ್ ಹೂ ಓನ್ಸ್ ಒನ್’ ಎಂಬ ಘೋಷವಾಕ್ಯವನ್ನು ‘ಇಟ್ಟುಕೊಂಡವರನ್ನೇ ಕೇಳಿ’ ಎಂದು ಬರೆದುಕೊಟ್ಟಿದ್ದೆ. ಮನೆಯವರು ಓದಿ ನಕ್ಕ ಮೇಲೆ ‘ಕಾರಿದ್ದವರನ್ನೇ ಕೇಳಿ’ ಅಂತ ತಿದ್ದಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೊಳೆದರೆ ತಿಳಿಸಿ. ಕಟ್ಟು ಹಾಕುವವನು ಶನಿವಾರ ಬರುತ್ತಾನೆ.