ಝೋನ್ ಬಂತು ಅಂದ್ರೆ ಔಷಧಿ ಆಯ್ತಾ?

ರಮೇಶ: (ಫಾರ್ವರ್ಡ್) "ಸಿಂಪಿ ಅಣಬೆಯ ಸಾರ ಬ್ಯಾಕ್ಟೀರಿಯಾ ಕೊಲ್ಲುತ್ತೆ! 18 ಮಿ.ಮೀ. ಝೋನ್ (ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ)! ಇನ್ನು ಆಂಟಿಬಯೋಟಿಕ್ ಬೇಡ, ದಿನಾ ಅಣಬೆ ಸೂಪ್ ಕುಡಿಯಿರಿ."

ಸುಮಾ: ಪ್ಲೇಟ್ ಫೋಟೋದಲ್ಲಿ ಸಾರ ಹಾಕಿದ ಬಾವಿ (ಬ್ಯಾಕ್ಟೀರಿಯಾ ಬೆಳೆಸೋ ಅಗಾರ್ ಜೆಲ್ಲಿಯಲ್ಲಿ ಕೊರೆದ ಸಣ್ಣ ಗುಂಡಿ) ಮಾತ್ರ ಇದೆ. ದ್ರಾವಕದ ಕಂಟ್ರೋಲ್, ಅಂದ್ರೆ ಹೋಲಿಕೆಗೆ ಬರೀ ದ್ರಾವಕ ಹಾಕಿದ ಬಾವಿ ಎಲ್ಲಿ? ಸಾರ ತೆಗೆಯೋಕೆ ಬಳಸೋ ಮೆಥನಾಲ್‌ನಂಥ ದ್ರಾವಕ ಪೂರ್ತಿ ಹಾರಿಹೋಗದಿದ್ರೆ ಅದೇ ಝೋನ್ ಕೊಡುತ್ತೆ.

ರಮೇಶ: ಹಾಗಂತ ತಳ್ಳಿಹಾಕೋಕಾಗಲ್ಲ. ಪ್ಲೂರೋಮ್ಯುಟಿಲಿನ್ ಅನ್ನೋ ಆಂಟಿಬಯೋಟಿಕ್ ಅಣಬೆಯಿಂದಲೇ ಸಿಕ್ಕಿದ್ದು, 1951ರಲ್ಲಿ. ಅದೇ ಗುಂಪಿನ ಲೆಫಾಮುಲಿನ್‌ಗೆ 2019ರಲ್ಲಿ ಅಮೆರಿಕದ ಎಫ್‌ಡಿಎ ನ್ಯುಮೋನಿಯಾಗೆ ಅನುಮತಿ ಕೊಟ್ಟಿದೆ.

ಹರೀಶ: ಆ ಅಣಬೆ ನಾವು ತಿನ್ನೋ ಸಿಂಪಿ ಅಲ್ಲ. ಆಗ ಪ್ಲೂರೋಟಸ್ ಮ್ಯುಟಿಲಸ್ ಅಂದರು, ಈಗ ಅದು ಕ್ಲಿಟೋಪೈಲಸ್ ಕುಲದಲ್ಲಿದೆ. ಔಷಧಿ ಬಂದದ್ದೂ ಸೂಪಿನಿಂದಲ್ಲ: ಶಿಲೀಂಧ್ರವನ್ನು ದ್ರವ ಮಾಧ್ಯಮದಲ್ಲಿ ಬೆಳೆಸಿ, ಅಣುವನ್ನು ಶುದ್ಧ ಮಾಡಿ, ರಾಸಾಯನಿಕವಾಗಿ ಮಾರ್ಪಡಿಸಿ ತಯಾರಿಸಿದ್ದು.

ಸುಮಾ: ಇನ್ನೊಂದು, ಪಿಎಚ್ (ಹುಳಿಯ ಅಳತೆ, 7 ಅಂದ್ರೆ ತಟಸ್ಥ) ನೋಡಿದ್ದಾರಾ? ಶಿಟಾಕೆ ಅಣಬೆಯನ್ನು ಬೆಳೆಸಿದ ದ್ರವ ಬ್ಯಾಕ್ಟೀರಿಯಾ ತಡೆಯೋದಕ್ಕೆ ಆಕ್ಸಾಲಿಕ್ ಆಮ್ಲ ಕಾರಣ ಅಂತ ಗುರುತಿಸಿದ ಕೆಲಸ ಇದೆ. ಸಾರವನ್ನು ಪಿಎಚ್ 7ಕ್ಕೆ ತಂದು ಮತ್ತೆ ಹಾಕಿ. ಝೋನ್ ಮಾಯವಾದ್ರೆ ಕೆಲಸ ಮಾಡಿದ್ದು ಬರೀ ಹುಳಿ.

ರಮೇಶ: ಸರಿ, ಝೋನ್ ಬರದಿದ್ರೆ ಗುಣವೇ ಇಲ್ಲ ಅಂತೀರಾ?

ಹರೀಶ: ಅದೂ ತಪ್ಪು. ದೊಡ್ಡ ಅಣುಗಳು ಅಗಾರ್‌ನಲ್ಲಿ ಸರಿಯಾಗಿ ಹರಡಲ್ಲ. ಎಣ್ಣೆಯಂಶದವೂ ಅಷ್ಟೇ, ಹೆಚ್ಚಾಗಿ ಬಾವಿಯಲ್ಲೇ ಉಳಿಯುತ್ತವೆ. ಅದಕ್ಕೇ ಝೋನ್ ಬಿಟ್ಟು ಎಂಐಸಿ, ಅಂದ್ರೆ ಬೆಳವಣಿಗೆ ತಡೆಯೋ ಕನಿಷ್ಠ ಸಾಂದ್ರತೆ ನೋಡಬೇಕು. 40 ಡಿಗ್ರಿಯಲ್ಲಿ ಒಣಗಿಸಿದ ಪುಡಿ 10 ಗ್ರಾಂ, ದ್ರಾವಕ 100 ಮಿ.ಲೀ., 24 ಗಂಟೆ ಅಲುಗಾಡಿಸಿ, ಸೋಸಿ, 40 ಡಿಗ್ರಿ ಮೀರದಂತೆ ಆವಿ ಮಾಡಿ, ಉಳಿದದ್ದನ್ನು ತೂಗಿ. 96 ಬಾವಿಯ ಪ್ಲೇಟ್‌ನಲ್ಲಿ ಎರಡು ಪಟ್ಟು ದುರ್ಬಲಗೊಳಿಸುತ್ತಾ ಹೋಗಿ. ಬ್ಯಾಕ್ಟೀರಿಯಾ ಮಿ.ಲೀ.ಗೆ 5 ಲಕ್ಷ, 35 ಡಿಗ್ರಿ, 16ರಿಂದ 20 ಗಂಟೆ. ಸಾರ ಕರಗಿಸೋಕೆ ಬಳಸೋ ಡಿಎಂಎಸ್ಒ ದ್ರಾವಕ ಕೊನೆಗೆ 1 ಶೇಕಡಾ ದಾಟಬಾರದು. ಸಾರವನ್ನು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡಬೇಡಿ, 0.22 ಮೈಕ್ರಾನ್ ಫಿಲ್ಟರ್ ಸಾಕು.

ಸುಮಾ: ಸಾರದ ಕಂದು ಬಣ್ಣದಲ್ಲಿ ಬ್ಯಾಕ್ಟೀರಿಯಾ ಬೆಳೆದಾಗಿನ ಕಲಕು ಕಾಣಲ್ಲ ಅಂತ ರೆಸಾಜುರಿನ್ ಅನ್ನೋ ಬಣ್ಣ ಹಾಕ್ತಾರೆ, ಬೆಳವಣಿಗೆ ಇದ್ರೆ ನೀಲಿ ಗುಲಾಬಿಯಾಗುತ್ತೆ. ಆದ್ರೆ ಸಾರದ ಫೀನಾಲ್‌ಗಳೇ ಅದನ್ನು ಗುಲಾಬಿ ಮಾಡಬಹುದು. ಬ್ಯಾಕ್ಟೀರಿಯಾ ಇಲ್ಲದೆ ಬರೀ ಸಾರ ಇರೋ ಬಾವಿ ಕಡ್ಡಾಯ. ಇದನ್ನು ಎಷ್ಟೋ ಜನ ಬಿಡ್ತಾರೆ, ನಂಗೆ ಸಿಟ್ಟು ಬರೋದು ಅಲ್ಲೇ.

ರಮೇಶ: ಸಾರದ ಎಂಐಸಿ ಮಿ.ಲೀ.ಗೆ 2 ಮಿ.ಗ್ರಾಂ ಬಂತು ಅಂದ್ಕೊಳ್ಳಿ. ಒಳ್ಳೇದಲ್ವಾ?

ಹರೀಶ: ಸ್ಟ್ಯಾಫ್ ಆರಿಯಸ್ ಬ್ಯಾಕ್ಟೀರಿಯಾದ ಕಂಟ್ರೋಲ್ ತಳಿಗೆ (ಪರೀಕ್ಷೆ ಸರಿಯಿದೆಯಾ ನೋಡೋಕೆ ಬಳಸೋದು) ಜೆಂಟಾಮೈಸಿನ್ ಆಂಟಿಬಯೋಟಿಕ್ ಮಿ.ಲೀ.ಗೆ 0.12ರಿಂದ 1 ಮೈಕ್ರೋಗ್ರಾಂ ಸಾಕು; 2 ಮಿ.ಗ್ರಾಂ ಅಂದ್ರೆ 2000 ಮೈಕ್ರೋಗ್ರಾಂ. ಕಡಿಮೆ ಅಂದ್ರೂ 2000 ಪಟ್ಟು ಅಂತರ. ಕುಡಿದ ಸೂಪಿನಿಂದ ರಕ್ತದಲ್ಲಿ ಆ ಮಟ್ಟ ಏರೋ ದಾರಿಯೇ ಇಲ್ಲ. ಇ. ಕೊಲೈಗೆ ಹೊರಪೊರೆ ಬೇರೆ ಅಡ್ಡ ಇದೆ, ಅಲ್ಲಿ ಇನ್ನೂ ಕಷ್ಟ.

ಸುಮಾ: "ಹಸಿಯಾಗಿ ಕುಡಿದ್ರೆ ಶಕ್ತಿ ಜಾಸ್ತಿ" ಅಂತ ಇದಕ್ಕೆ ಯಾರಾದ್ರೂ ಸೇರಿಸೋ ಮೊದಲು ಹೇಳ್ತೀನಿ: ಶಿಟಾಕೆ ಹಸಿಯಾಗಿ ಅಥವಾ ಅರೆಬೆಂದು ತಿಂದ್ರೆ ಕೆಲವರಿಗೆ ಮೈಮೇಲೆ ಚಾಟಿ ಏಟಿನಂಥ ಕೆಂಪು ಗೆರೆ ಏಳುತ್ತೆ. ಚೆನ್ನಾಗಿ ಬೇಯಿಸಿ ತಿನ್ನಿ.

ರಮೇಶ: ಆಂಟಿಬಯೋಟಿಕ್ ಜೊತೆ ಸಾರ ಸೇರಿಸಿದ್ರೆ? ನನ್ನ ಆಸೆ ಇರೋದು ಅಲ್ಲಿ.

ಹರೀಶ: ಅದು ಕೇಳಬೇಕಾದ ಪ್ರಶ್ನೆ. ಚೆಕರ್‌ಬೋರ್ಡ್ ಪರೀಕ್ಷೆ ಮಾಡಿ: ಪ್ಲೇಟ್‌ನಲ್ಲಿ ಅಡ್ಡಕ್ಕೆ ಸಾರ, ಉದ್ದಕ್ಕೆ ಔಷಧಿ, ಬೇರೆ ಬೇರೆ ಸಾಂದ್ರತೆಯಲ್ಲಿ. ಎಫ್‌ಐಸಿ ಸೂಚ್ಯಂಕ (ಜೊತೆಯಲ್ಲಿದ್ದಾಗಿನ ಎಂಐಸಿಯನ್ನು ಒಂಟಿಯಾಗಿದ್ದಾಗಿನ ಎಂಐಸಿಯಿಂದ ಭಾಗಿಸಿ, ಎರಡರದ್ದನ್ನೂ ಕೂಡಿದ್ದು) 0.5 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ಮಾತ್ರ ಸಿನರ್ಜಿ, ಅಂದ್ರೆ ಒಂದಕ್ಕೊಂದು ಬಲ ಕೊಡೋದು. 0.8 ಬಂದದ್ದಕ್ಕೆ ಆ ಹೆಸರು ಕೊಡಬೇಡಿ.